ನಿಂತ ರೈಲಿನ ರಾತ್ರಿಪಾಳಿ

ಸೊಹಾರಿನ ಬಂದರಿನಾಚೆ, ಪೈಪುಗಳ ಗೋದಾಮಿನಲ್ಲಿ
ನಾಲ್ಕು ಜಾಕಿಗಳ ಮೇಲೆ ಒಂದು ಬೋಗಿ.
ಎಂಜಿನ್ ಇಲ್ಲ, ಹಳಿ ಇಲ್ಲ, ಗಾಲಿಯಂತೂ ಇಲ್ಲವೇ ಇಲ್ಲ.
ಒಳಗೆ ಎರಡು ಕೋಣೆ, ನಾಲ್ಕು ಬರ್ತು,
ಒಂದು ಕಕ್ಕಸು; ಅದೂ ಬರೀ ಬಾಗಿಲು.

ನನ್ನ ಕೆಲಸ ರಾತ್ರಿಯಿಡೀ ಎಚ್ಚರವಿದ್ದು
ಬೇರೆಯವರು ಹೇಗೆ ಮಲಗುತ್ತಾರೆಂದು ಬರೆಯುವುದು.

ಸಲಾಲಾಕ್ಕೆ ರಾತ್ರಿ ರೈಲು ಬಿಟ್ಟರೆ ಗಿಟ್ಟೀತೆ?
ಅಷ್ಟೇ ಪ್ರಶ್ನೆ. ಗುಂಡಿ ಒತ್ತಿದರೆ ಮೋಟಾರು
ನೂರಾ ಅರವತ್ತರ ವೇಗವನ್ನು ಇದ್ದಲ್ಲೇ ನಡುಗಿಸುತ್ತದೆ.
ಕಿಟಕಿಯಾಚೆ ಕಪ್ಪು ಪರದೆ.
ಮರುಭೂಮಿಗೆ ಇಷ್ಟು ಸಾಕು, ಅಂದಿದ್ದ ಎಂಜಿನಿಯರು.

ಮೊದಲ ರಾತ್ರಿ ನಬೀಲ್ ಹದ್ದಾದ್, ಟೈಲ್ಸ್ ಮಾರುವವ.
ಅಂಗಿಯ ಇಸ್ತ್ರಿ ಕೆಡದ ಜಾಗ ಹುಡುಕಿ
ಹ್ಯಾಂಗರನ್ನು ಮೂರು ಸಲ ಎತ್ತಿ ತೂಗಿಸಿದ.
"ವಿಮಾನ ಎರಡು ತಾಸೂ ಇಲ್ಲ. ಅದರ ಹಿಂದೆ ಮುಂದೆ
ಐದು ತಾಸು ಸರತಿಯಲ್ಲಿ ಸಾಯಬೇಕು.
ಹೋಟೆಲಿನ ದುಡ್ಡು ಉಳಿದರೆ, ಬೆಳಿಗ್ಗೆ ಬಿಸಿನೀರು ಬಂದರೆ,
ಗಿರಾಕಿಯ ಎದುರು ಮುಖ ಊದಿರದಿದ್ದರೆ
ಮೂವತ್ತು ರಿಯಾಲ್ ಕೊಟ್ಟೇನು."
ಎರಡೂ ಹತ್ತಕ್ಕೆ ಎದ್ದು ಕೂತು ಫೋನಿನಲ್ಲಿ
ಯಾರನ್ನೋ ಸಮಾಧಾನ ಮಾಡಿದ, ಪಿಸುದನಿಯಲ್ಲಿ, ನಲವತ್ತು ನಿಮಿಷ.
ಫಾರಮಿನಲ್ಲಿ ನಿದ್ದೆಗೆಟ್ಟ ಕಾರಣ ಎಂಬಲ್ಲಿ
'ಅಲುಗಾಟ'ಕ್ಕೆ ಗುರುತು ಹಾಕಿದೆ.
ಬೇರೆ ಚೌಕ ಇರಲಿಲ್ಲ.

ಎರಡನೆಯ ರಾತ್ರಿ ಇವೆತಾ. ಹಗ್ಗ, ಕೊಂಡಿ, ಹೆಲ್ಮೆಟ್ಟು;
ಕಮರಿಗಳಿಗೆ ಇಳಿಯುವವಳು, ಮೊಣಕೈ ತುಂಬ ಗೀರು.
ಬಿಸಿನೀರು ಬೇಡ, ಕಿಟಕಿ ತೆರೆಯಬೇಕು.
"ತೆರೆಯುವುದಿಲ್ಲ, ಪ್ಲೈವುಡ್ಡು" ಅಂದೆ.
"ನಡುರಾತ್ರಿ ಎಲ್ಲಾದರೂ ನಿಲ್ಲುತ್ತದಾ, ಹೆಸರಿಲ್ಲದ ಕಡೆ?
ಇಳಿದು ಮರಳಲ್ಲಿ ಹತ್ತು ಹೆಜ್ಜೆ ಹಾಕಬಹುದಾ?"
ವೇಳಾಪಟ್ಟಿ ತಿರುವಿ ಹಾಕಿದೆ. ಇಲ್ಲ.
"ಹಾಗಾದರೆ ಹನ್ನೆರಡು ರಿಯಾಲ್" ಅಂದವಳೇ
ಹಗ್ಗದ ಸಿಂಬಿಗೆ ತಲೆಯಿಟ್ಟಳು.
ಬಾವಿಗೆ ಕಲ್ಲು ಬಿದ್ದ ಹಾಗೆ ನಿದ್ದೆ.

ಮೂವತ್ತು, ಹನ್ನೆರಡು; ಸರಾಸರಿ ಇಪ್ಪತ್ತೊಂದು.
ಬರ್ತೊಂದಕ್ಕೆ ಖರ್ಚು ಇಪ್ಪತ್ತೆಂಟು.
ಉಳಿದ ಏಳು ರಿಯಾಲನ್ನು ಯಾರ ನಿದ್ದೆಯಿಂದ ತೆಗೆಯಲಿ?

ಮೂರನೆಯ ರಾತ್ರಿ ಯಾರೂ ಬರಲಿಲ್ಲ.
ಕಿರುಗುಟ್ಟುವ ಮೊಳೆ ನೋಡಲು ಬಡಗಿ ಮೊಫಿಜುಲ್ ಬಂದ,
ಕಿವಿಯ ಮೇಲೆ ಪೆನ್ಸಿಲು. ಬರ್ತು ಮಾಡಿದವ ಅವನೇ.
ಬೂಟು ಬಿಚ್ಚಿ, ಅಂಗಾಲು ಒರೆಸಿ, ಕೆಳಗೆ ಅಡ್ಡಾದ.
"ಮೇಲಿನದು ನಾಲ್ಕು ಬೆರಳು ತಗ್ಗಾಯಿತು.
ನಕ್ಷೆಯಲ್ಲಿ ಹಾಗಿತ್ತು, ಮಾಡಿದೆ.
ಕನಸು ಕಂಡು ಬೆಚ್ಚಿ ಎದ್ದರೆ ಹಣೆ ಒಡೆಯುತ್ತದೆ."
ನಿನಗೆ ಹೇಗೆ ಗೊತ್ತು ಮಾರಾಯ?
"ಕ್ಯಾಂಪಿನಲ್ಲಿ ಹದಿನಾರು ವರ್ಷ ಮೇಲಿನ ಮಂಚ ನನ್ನದು.
ಕೆಳಗಿನವ ಮಗ್ಗುಲು ಬದಲಿಸುವ ಸದ್ದಿನಲ್ಲೇ
ಅವನ ಸಾಲ ಎಷ್ಟೆಂದು ಹೇಳಬಲ್ಲೆ."

ಫಾರಂ ತೋರಿಸು ಅಂದ. ಎರಡು ಚೌಕ:
ವ್ಯಾಪಾರ. ಸಾಹಸ.
ತುಂಬ ಹೊತ್ತು ನೋಡಿದ.
"ಏಜೆಂಟನಿಗೆ ದುಡ್ಡು ಕಟ್ಟಿ ಬಂದದ್ದು ವ್ಯಾಪಾರವೋ?
ಮುಖ ನೋಡದ ದೇಶಕ್ಕೆ ಬಂದದ್ದು... ಬಿಡು,
ಮೊಳೆ ಸರಿ ಹೋಯಿತು. ಒಮ್ಮೆ ಓಡಿಸಿ ನೋಡು."

ಗುಂಡಿ ಒತ್ತಿದೆ.
ನಾನೂ ಮೇಲಿನ ಬರ್ತು ಹತ್ತಿದೆ; ಚಪ್ಪಲಿಯನ್ನು
ನಮ್ಮ ಕಡೆಯ ರೈಲಿನ ಅಭ್ಯಾಸಕ್ಕೆ ತಲೆಯಡಿ ಇಟ್ಟೆ.
"ಇಲ್ಲಿ ಕದಿಯುವವರು ಯಾರು, ನಾನೊ?" ಎಂದು ಕೆಳಗಿನಿಂದ ನಗು.
ಬೋಗಿ ನಡುಗಿತು, ಪರದೆ ನಡುಗಿತು,
ನನ್ನ ಹಣೆಗೂ ತಗಡಿಗೂ ನಡುವೆ ನಿಜವಾಗಿ ನಾಲ್ಕೇ ಬೆರಳು.

"ಎಲ್ಲಿಗೆ ಬಂತು?"
"ಹೈಮಾ ದಾಟಿತು."
"ಎಣ್ಣೆಯ ಬೆಂಕಿ ಕಾಣ್ತದಾ?"
"ಎಡಗಡೆ ನೋಡು."
ಅವನು ಹೊರಳಿದ ಸದ್ದು ಕೇಳಿತು. ಲೆಕ್ಕ ಹಾಕಲಿಲ್ಲ.

ಎರಡು ತಾಸು ಮೋಟಾರು ಓಡಿದ್ದು ಯಾಕೆಂದು ಕೇಳಿದ್ದಾರೆ.
ಮೊಳೆಯ ಪರೀಕ್ಷೆ, ಎಂದು ಬರೆದಿದ್ದೇನೆ.
ಭರ್ತಿ: ನಾಲ್ಕರಲ್ಲಿ ಎರಡು.
ಬರೆಯುವವ: ನಿದ್ದೆಯಲ್ಲಿದ್ದ.